ಕಸ ನಮಗೆ, ರಸ ಯಾರಿಗೆ?

ಪಾವಗಡದ ಕಡೆಯ ಒಂದು ಹಳ್ಳಿಯಲ್ಲಿ ಕಳೆದ ಬೇಸಿಗೆ ಎರಡು ದಿನದ ಅಧ್ಯಯನ ಶಿಬಿರ ಇಟ್ಟುಕೊಂಡಿದ್ದೆವು. ಶಾಲೆಯ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ 'ಕಸದಿಂದ ರಸ' ಅಂತ ಬರೆದಿತ್ತು. ಅದರ ಕೆಳಗೇ ನಿಂತುಕೊಂಡು ಕೇರಿಯ ಒಬ್ಬ ಹುಡುಗ ಒಂದು ಸುದ್ದಿ ಹೇಳಿದ. ರಸಾಯನಶಾಸ್ತ್ರ ಎಂ.ಎಸ್ಸಿ. ಓದುತ್ತಿರುವ ಹುಡುಗ. 2025ರ ಜನವರಿಯಲ್ಲಿ ಅಮೆರಿಕದ ಗೂಗಲ್ ಕಂಪನಿ ನಮ್ಮ ದೇಶದ ವರಾಹ ಎಂಬ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿದೆ. ಗುಜರಾತಿನಲ್ಲಿ ಬಳ್ಳಾರಿ ಜಾಲಿಯನ್ನು ಕಡಿದು, ಯಂತ್ರದಲ್ಲಿ ಇದ್ದಿಲು ಮಾಡಿ, ಮಣ್ಣಿಗೆ ಸೇರಿಸುತ್ತಾರೆ. ಗಾಳಿಗೆ ಹೋಗಬೇಕಾಗಿದ್ದ ಇಂಗಾಲ ನೆಲದಲ್ಲಿ ಉಳಿಯಿತಲ್ಲ, ಆ ಲೆಕ್ಕವನ್ನು ಗೂಗಲ್ ದುಡ್ಡು ಕೊಟ್ಟು ಕೊಳ್ಳುತ್ತದೆ. 2030ರ ಹೊತ್ತಿಗೆ 1 ಲಕ್ಷ ಟನ್.

ಹುಡುಗ ಹುರುಪಿನಿಂದ ಹೇಳುತ್ತಿದ್ದ. ಗಿಡದ ಕಸ, ಕಾರ್ಖಾನೆಯ ಕಸ, ಎಲ್ಲದರಿಂದಲೂ ಇನ್ನು ಮೇಲೆ ಇಂಧನ, ಇದ್ದಿಲು, ನೀರು ಸೋಸುವ ಪುಡಿ ಎಲ್ಲಾ ಬರುತ್ತೆ ಅಂದ. ಬಾಗಿಲ ಹತ್ತಿರ ಕೂತಿದ್ದ ಒಬ್ಬ ಅಜ್ಜಿ ನಡುವೆ ಬಾಯಿ ಹಾಕಿದಳು.

"ಅಲ್ಲ ಕಣೋ ಮಗಾ, ಜಾಲೀನ ಕಸ ಅಂದೋರು ಯಾರು? ನಲವತ್ತು ವರ್ಷದಿಂದ ನಮ್ಮ ಒಲೆ ಉರೀತಿರೋದೇ ಅದ್ರಲ್ಲಿ. ಇದ್ದಿಲು ಸುಟ್ಟು ನಿಮ್ಮಪ್ಪನ್ನ ಓದ್ಸಿದ್ದೂ ಅದ್ರಲ್ಲೇ. ಆಗ ಇವರು ಯಾರೂ ಬರಲಿಲ್ವಲ್ಲ."

ಎಲ್ಲರೂ ನಕ್ಕೆವು. ಆದರೆ ನಗು ಮುಗಿದ ಮೇಲೆ ನಮ್ಮ ಸಂಘಟನೆಯ ಒಬ್ಬ ಹಳೆಯ ಗೆಳೆಯ ಸಿಟ್ಟಾಗಿ ಎದ್ದ. "ಅಜ್ಜಿ, ಆ ಹೊಗೆ, ಆ ಮಸಿ, ಆ ಸತ್ತದ್ದು ಹೊರೋದು, ಇದನ್ನೆಲ್ಲ ಬಿಡಿಸೋಕೆ ತಾನೇ ನಾವು ಇಷ್ಟು ವರ್ಷ ಬಡಿದಾಡಿದ್ದು? ಈಗ ಮತ್ತೆ ಅದೇ ನಮ್ಮದು ಅಂತ ಹಕ್ಕು ಕೇಳೋದಾ?" ಅಂದ. ಅಜ್ಜಿಯೂ ಬಿಡಲಿಲ್ಲ. ಊಟದ ಹೊತ್ತು ಮೀರಿತು. ಯಾರ ಮಾತು ಸರಿ ಅಂತ ಅವತ್ತು ನಮಗೆ ಹೇಳಲಾಗಲಿಲ್ಲ. ಆ ಜಗಳವನ್ನೇ ಇಲ್ಲಿ ಮುಂದುವರಿಸುತ್ತಿದ್ದೇವೆ.

ಮೊದಲು ವಿಷಯ ಏನು ಅಂತ ತಿಳಿದುಕೊಳ್ಳೋಣ. ವಿಜ್ಞಾನವನ್ನು ಮಂತ್ರದ ಹಾಗೆ ದೂರ ನಿಂತು ಕೇಳಿ ಕೈಮುಗಿಯುವ ಬುದ್ಧಿ ನಮಗೆ ಬೇಡ. ಕಟ್ಟಿಗೆಯನ್ನು ಬಯಲಿನಲ್ಲಿ ಸುಟ್ಟರೆ ಬೂದಿ ಉಳಿಯುತ್ತದೆ. ಗಾಳಿ ಆಡದ ಹಾಗೆ ಮುಚ್ಚಿ ಕಾಯಿಸಿದರೆ ಇದ್ದಿಲು ಉಳಿಯುತ್ತದೆ. ಅಜ್ಜಿ ಮಾಡಿದ್ದೂ ಇದನ್ನೇ. ಜಾಲಿ ತುಂಡುಗಳನ್ನು ಒಟ್ಟಿ, ಮೇಲೆ ಹುಲ್ಲು ಹಾಕಿ, ಮಣ್ಣು ಮೆತ್ತಿ, ಒಂದು ಕಡೆ ಬೆಂಕಿ ಕೊಟ್ಟು, ದಿನಗಟ್ಟಲೆ ಹಗಲು ರಾತ್ರಿ ಕಾಯುವುದು. ಎಲ್ಲಾದರೂ ಮಣ್ಣು ಬಿರುಕು ಬಿಟ್ಟರೆ ಓಡಿ ಮುಚ್ಚಬೇಕು. ಇಲ್ಲದಿದ್ದರೆ ಇಡೀ ಗೂಡು ಬೂದಿ. ಐದು ಟನ್ ಒಣ ಕಟ್ಟಿಗೆಗೆ ಒಂದು ಟನ್ ಇದ್ದಿಲು ಸಿಕ್ಕರೆ ಪುಣ್ಯ. ಕಾರ್ಖಾನೆಯವರು ಇದನ್ನೇ ಕಬ್ಬಿಣದ ಪೆಟ್ಟಿಗೆಯೊಳಗೆ 400ರಿಂದ 700 ಡಿಗ್ರಿ ಶಾಖದಲ್ಲಿ ಮಾಡುತ್ತಾರೆ. ಪೈರಾಲಿಸಿಸ್ ಅಂತ ಹೆಸರು. ಆಗ ಕಟ್ಟಿಗೆ ಮೂರು ಪಾಲಾಗುತ್ತದೆ: ಇದ್ದಿಲು, ಟಾರಿನಂಥ ಎಣ್ಣೆ, ಉರಿಯುವ ಅನಿಲ.

ಇಲ್ಲೇ ಒಂದು ವ್ಯತ್ಯಾಸ ಇದೆ, ಅದನ್ನು ಮುಚ್ಚಿಡಬಾರದು. ಕಾರ್ಖಾನೆಯಲ್ಲಿ ಆ ಅನಿಲವನ್ನೂ ಎಣ್ಣೆಯನ್ನೂ ಹಿಡಿದು ಅದೇ ಒಲೆಗೆ ಉರಿಸುತ್ತಾರೆ, ಮಿಕ್ಕಿದ್ದನ್ನು ಮಾರುತ್ತಾರೆ. ಅಜ್ಜಿಯ ಗೂಡಿನಲ್ಲಿ ಅವು ಎಲ್ಲಿಗೆ ಹೋದವು? ಅಜ್ಜಿಯ ಎದೆಯೊಳಗೆ ಹೋದವು. ಅವಳ ಕೆಮ್ಮನ್ನು ಶಿಬಿರದ ರಾತ್ರಿಯೆಲ್ಲ ಕೇಳಿದ್ದೇವೆ. ಹಾಗಾಗಿ ಯಂತ್ರ ಅಂದರೆ ಶತ್ರು ಅಂತ ಕೂಗುವವರ ಜೊತೆ ನಾವಿಲ್ಲ. ಹೊಗೆಯನ್ನು ಹಿಡಿಯುವ ಯಂತ್ರ ಮೊದಲು ಬರಬೇಕಾಗಿದ್ದು ಅವಳ ಗೂಡಿಗೆ.

ಇನ್ನೊಂದು ವ್ಯತ್ಯಾಸವೂ ಇದೆ. ಅಜ್ಜಿಯ ಇದ್ದಿಲು ಪೇಟೆಗೆ ಹೋಗಿ ಇಸ್ತ್ರಿ ಪೆಟ್ಟಿಗೆಯಲ್ಲೋ ಹೋಟೆಲಿನ ತಂದೂರಿಯಲ್ಲೋ ಉರಿದು ಮತ್ತೆ ಗಾಳಿಗೇ ಸೇರಿತು. ಮಣ್ಣಿಗೆ ಹಾಕಿದ ಇದ್ದಿಲು ಬೇಗ ಕೊಳೆಯುವುದಿಲ್ಲ. ಬಹುಪಾಲು ನೂರಾರು ವರ್ಷ ಹಾಗೇ ಇರುತ್ತದೆ. ಶಾಲೆಯ ಮೇಷ್ಟ್ರುಗಳು ಮಕ್ಕಳಿಗೆ ಬೋರ್ಡಿನ ಮೇಲೆ ಈ ಲೆಕ್ಕ ಹಾಕಿ ತೋರಿಸಬಹುದು: 12 ಕೆ.ಜಿ. ಇಂಗಾಲ ಉರಿದರೆ 44 ಕೆ.ಜಿ. ಇಂಗಾಲದ ಡೈಆಕ್ಸೈಡ್. ಒಂದು ಟನ್ ಇದ್ದಿಲಿನಲ್ಲಿ ಮುಕ್ಕಾಲು ಪಾಲು ಇಂಗಾಲ ಅಂದುಕೊಂಡರೂ ಎರಡೂಮುಕ್ಕಾಲು ಟನ್ ಅನಿಲ ಗಾಳಿಗೆ ಹೋಗುವುದು ತಪ್ಪಿತು. ದುಡ್ಡು ಬರುವುದು ಈ ತಪ್ಪಿದ ಅನಿಲಕ್ಕೆ. ಇದರಲ್ಲಿ ಮೋಸ ಇದೆ ಅಂತ ನಾವು ಹೇಳುತ್ತಿಲ್ಲ, ಲೆಕ್ಕ ಸರಿಯಾಗಿಯೇ ಇದೆ. ನಮ್ಮ ಪ್ರಶ್ನೆ ಇರುವುದು ಜಾಲಿಯನ್ನು 'ಕಸ' ಅಂತ ಬರೆದುಕೊಂಡ ಲೆಕ್ಕದ ಮೊದಲ ಸಾಲಿನಲ್ಲಿ.

ತೆಂಗಿನ ಕರಟದ ಕಥೆ ಇನ್ನೂ ಸ್ವಾರಸ್ಯದ್ದು. ಕರಟ ಸುಟ್ಟು ಮಾಡಿದ ಇದ್ದಿಲಿಗೆ 800ರಿಂದ 1000 ಡಿಗ್ರಿ ಶಾಖದಲ್ಲಿ ನೀರಿನ ಹಬೆ ಹಾಯಿಸಿದರೆ ಅದರ ಮೈ ತುಂಬ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಇದು ಆಕ್ಟಿವೇಟೆಡ್ ಕಾರ್ಬನ್. ನೀರು ಸೋಸಲಿಕ್ಕೆ, ಚಿನ್ನದ ಗಣಿಯಲ್ಲಿ ಚಿನ್ನ ಹಿಡಿಯಲಿಕ್ಕೆ, ವಿಷ ಕುಡಿದವರ ಹೊಟ್ಟೆಗೆ ಕೊಡಲಿಕ್ಕೆ ಬೇಕು. ಮೊದಲನೇ ಮಹಾಯುದ್ಧದಲ್ಲಿ, 1918ರಲ್ಲಿ, ಸೈನಿಕರ ವಿಷಗಾಳಿಯ ಮುಖವಾಡಕ್ಕೆ ಇದೇ ಪುಡಿ ಬೇಕೆಂದು ಅಮೆರಿಕದ ಜನ ಹಣ್ಣು ತಿಂದು ಉಗುಳಿದ ವಾಟೆಗಳನ್ನು ಕೂಡಿಸಿ ಕೊಟ್ಟರು. ಇದರ ಒಂದು ಗ್ರಾಂ ಒಳಗಿನ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್ ಆಗುತ್ತದಂತೆ. ಅಂದರೆ ಹತ್ತು ಗುಂಟೆ. ಚಿಟಿಕೆ ಮಸಿಯೊಳಗೆ ಹತ್ತು ಗುಂಟೆ! ಹತ್ತು ಗುಂಟೆ ನೆಲಕ್ಕಾಗಿ ಮೂರು ತಲೆಮಾರು ಜೀತ ಮಾಡಿದವರ ಮೊಮ್ಮಕ್ಕಳು ಈ ಲೆಕ್ಕ ಕೇಳಿ ಏನು ಮಾಡಬೇಕು, ನಗಬೇಕೋ ಅಳಬೇಕೋ.

ಕಸ ಅಂದರೆ ಯಾವುದು? ನಮ್ಮ ಚಳವಳಿಗೂ ಈ ಪ್ರಶ್ನೆಗೂ ಹಳೆಯ ನಂಟು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ರಾಜ್ಯವೆಲ್ಲ ಹೊತ್ತಿಕೊಂಡಿತು. ದಲಿತ ಹುಡುಗರು ಹಾಸ್ಟೆಲುಗಳಲ್ಲಿ ಏಟು ತಿಂದರು. ಅವರು ಮಂತ್ರಿ ಪದವಿ ಬಿಟ್ಟರು. ಈ ಚರಿತ್ರೆ ನಿಮಗೆ ಗೊತ್ತಿರುವುದೇ. ಆದರೆ ಆ ಗಲಾಟೆಯಲ್ಲಿ ಒಂದು ಸಣ್ಣ ಮಾತನ್ನು ಯಾರೂ ಕೇಳಲಿಲ್ಲ: ಬೂಸಾ ಕಸವೇ? ರೈತನ ಮನೆಯಲ್ಲಿ ಬೂಸಾವನ್ನು ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಹಸು ತಿನ್ನುತ್ತದೆ, ಹಾಲು ಕೊಡುತ್ತದೆ. ಬೂಸಾ ಅಂದದ್ದಕ್ಕೆ ಕೆರಳಿದವರ ಮನೆಯ ಕಾಫಿಯೊಳಗೇ ಬೂಸಾ ಇತ್ತು. ಭತ್ತದ ಹೊಟ್ಟು, ಜೋಳದ ದಂಟು, ಕಡಲೆಕಾಯಿ ಸಿಪ್ಪೆ, ಹತ್ತಿ ಕಟ್ಟಿಗೆ ಯಾವುದೂ ಹಳ್ಳಿಯಲ್ಲಿ ಕಸ ಆಗಿರಲಿಲ್ಲ. ದನಕ್ಕೋ, ಒಲೆಗೋ, ಸೂರಿಗೋ, ತಿಪ್ಪೆಗೋ ಅದರದರ ದಾರಿ ಇತ್ತು. ನೆಲ ಇಲ್ಲದವರಿಗೆ ಊರಿನಲ್ಲಿ ಕೇಳದೆ ಸಿಗುತ್ತಿದ್ದುದೂ ಇದೇ. ಕೊಯ್ಲಾದ ಹೊಲದಲ್ಲಿ ಉದುರಿದ ತೆನೆ ಆಯುವುದು, ಬೇಲಿ ಸಾಲಿನ ಪುಳ್ಳೆ ಆಯುವುದು, ದಾರಿಯ ಸಗಣಿ ಬಾಚುವುದು. ಬೆಲೆ ಇಲ್ಲದ್ದರಿಂದ ಅದಕ್ಕೆ ಬೀಗ ಇರಲಿಲ್ಲ.

ಬೆಲೆ ಬಂದ ದಿನ ಬೀಗವೂ ಬರುತ್ತದೆ.

ಇದು ಒಂದು ಮುಖ. ಇನ್ನೊಂದು ಮುಖ ಜಾತಿಯದು. ಜಾತಿ ನಮ್ಮ ದೇಶದಲ್ಲಿ ಎರಡು ಥರದ ಕಸ ಮಾಡಿತು. ಒಂದು ವಸ್ತು, ಇನ್ನೊಂದು ಅದನ್ನು ಮುಟ್ಟುವ ಮನುಷ್ಯ. ಸತ್ತ ದನವನ್ನು ಊರು ಮುಟ್ಟುವುದಿಲ್ಲ. ನಾವು ಹೊತ್ತೆವು, ಸುಲಿದೆವು, ಮೈಲಿಗೆಯಾದೆವು. ಆದರೆ ನಮ್ಮ ಕೈಯಿಂದ ಆಚೆ ಹೋದ ಕೂಡಲೇ ಅದೇ ವಸ್ತು ಹೇಗೆ ಮಡಿ ಆಗುತ್ತಿತ್ತು ನೋಡಿ. ಚರ್ಮ ಮೃದಂಗ ಆಗಿ ದೇವರ ಮುಂದೆ ಕೂತಿತು. ಮೂಳೆ ಏನಾಯಿತು? ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡ್, ಅಮೆರಿಕಗಳ ಸಕ್ಕರೆ ಕಾರ್ಖಾನೆಗಳಲ್ಲಿ ಕಂದು ಪಾಕವನ್ನು ಬೆಳ್ಳಗೆ ಮಾಡುತ್ತಿದ್ದುದು ಮೂಳೆಯ ಇದ್ದಿಲು. ದನದ ಮೂಳೆಯನ್ನು ಗಾಳಿಯಿಲ್ಲದೆ ಸುಟ್ಟು, ಅದರ ಮೂಲಕ ಪಾಕವನ್ನು ಸೋಸುತ್ತಿದ್ದರು. ಅಲ್ಲಿಂದ ಬಂದ ಬಿಳಿ ಸಕ್ಕರೆಯನ್ನು ಯಾರೂ ಮೈಲಿಗೆ ಅನ್ನಲಿಲ್ಲ. ನಮ್ಮ ದೇಶದ ಕಾರ್ಖಾನೆಗಳು ಹೆಚ್ಚಾಗಿ ಗಂಧಕದ ಹೊಗೆ ಮತ್ತು ಸುಣ್ಣದಿಂದ ಬೆಳ್ಳಗೆ ಮಾಡುತ್ತವೆ, ಅದು ಬೇರೆ ಮಾತು. ನಾವು ಹೇಳುತ್ತಿರುವುದು ಇಷ್ಟು: ಮೈಲಿಗೆ ವಸ್ತುವಿನಲ್ಲಿ ಇರಲಿಲ್ಲ. ಅದು ವಸ್ತುವಿನಲ್ಲಿದ್ದಿದ್ದರೆ ಸಕ್ಕರೆಯ ಜೊತೆ ಬಾಯಿಗೂ ಹೋಗಬೇಕಿತ್ತು.

ನಮ್ಮ ಹಳೆಯ ಗೆಳೆಯನ ಸಿಟ್ಟಿಗೆ ಬೇರು ಇರುವುದು ಇಲ್ಲಿ. ಬಾಬಾಸಾಹೇಬರು ನಮಗೆ ಸತ್ತ ದನ ಹೊರಬೇಡಿ, ಅದರ ಮಾಂಸ ತಿನ್ನಬೇಡಿ ಅಂದರು. 1956ರ ಅಕ್ಟೋಬರ್ 15ರಂದು, ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದ ಮಾರನೆಯ ದಿನದ ಭಾಷಣದಲ್ಲಿ, ಅವರು ಈ ಹಳೆಯ ಜಗಳವನ್ನು ನೆನಪು ಮಾಡಿಕೊಂಡಿದ್ದಾರೆ. ಪುಣೆಯ ಕೇಸರಿ ಪತ್ರಿಕೆಯಲ್ಲಿ ಕೆಲವರು ಲೆಕ್ಕ ಹಾಕಿದ್ದರಂತೆ: ಚರ್ಮಕ್ಕೆ ಇಷ್ಟು, ಕೊಂಬಿಗೆ ಇಷ್ಟು, ಗೊರಸಿಗೆ ಇಷ್ಟು, ಮೂಳೆಗೆ ಇಷ್ಟು, ಹೊರುವುದನ್ನು ಬಿಟ್ಟರೆ ವರ್ಷಕ್ಕೆ ಇಷ್ಟು ನೂರು ರೂಪಾಯಿ ನಷ್ಟ, ಅಂಬೇಡ್ಕರ್ ತಮ್ಮವರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದಾರೆ ಅಂತ. ಅವರ ಉತ್ತರ ಏನಿತ್ತು? ಅಷ್ಟೊಂದು ಲಾಭ ಇದ್ದರೆ ನೀವೇ ಬಂದು ಹೊರಿ, ಆ ಲಾಭ ನಿಮಗೇ ಇರಲಿ, ಮೇಲೆ 500 ರೂಪಾಯಿ ನಾನು ಕೊಡುತ್ತೇನೆ ಅಂತ. ಒಬ್ಬರೂ ಬರಲಿಲ್ಲ.

ಈ ಉತ್ತರವನ್ನು ನಾವು ಸಭೆಗಳಲ್ಲಿ ಹೇಳಿ ಚಪ್ಪಾಳೆ ತಟ್ಟಿಸಿಕೊಂಡಿದ್ದೇವೆ. ಆದರೆ ಈಗ ಪರಿಸ್ಥಿತಿ ತಿರುಗಿದೆ. ಈಗ ಅವರು ಬರುತ್ತಿದ್ದಾರೆ! ಸಗಣಿಗೆ ಬರುತ್ತಿದ್ದಾರೆ, ಹೊಟ್ಟಿಗೆ ಬರುತ್ತಿದ್ದಾರೆ, ಹಳೇ ಟಯರಿಗೆ ಬರುತ್ತಿದ್ದಾರೆ, ಜಾಲಿಗೆ ಬರುತ್ತಿದ್ದಾರೆ. ಹೊರುವುದಕ್ಕಲ್ಲ, ಒಡೆತನಕ್ಕೆ. ಹೊರುವುದಕ್ಕೆ ಇವತ್ತೂ ನಾವೇ. ಬಾಬಾಸಾಹೇಬರ ಸವಾಲಿನಲ್ಲಿ ಕೆಲಸ ಮತ್ತು ಲಾಭ ಎರಡೂ ಒಟ್ಟಿಗೆ ಇದ್ದವು: ಹೊರುವವನಿಗೆ ಲಾಭ. ಈಗ ಎರಡನ್ನೂ ಬೇರೆ ಮಾಡಿದ್ದಾರೆ. ಹಾಗಾಗಿ 'ಮುಟ್ಟುವುದಿಲ್ಲ' ಅನ್ನುವ ಒಂದೇ ಉತ್ತರ ಈಗ ಸಾಕಾಗುವುದಿಲ್ಲ ಅಂತ ನಮಗೆ ಅನ್ನಿಸುತ್ತಿದೆ.

ಕಬ್ಬನ್ನೇ ತೆಗೆದುಕೊಳ್ಳಿ. ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕೆ.ಜಿ. ಹಸಿ ಸಿಪ್ಪೆ ಉಳಿಯುತ್ತದೆ. ಆ ಸಿಪ್ಪೆ ಉರಿಸಿ ಕಾರ್ಖಾನೆ ನಡೆಯುತ್ತದೆ, ಕರೆಂಟು ಮಾಡಿ ಮಾರುತ್ತದೆ. ಕಾಕಂಬಿಯಿಂದ ಸ್ಪಿರಿಟ್, ಎಥನಾಲ್. ರೈತರು ಕೇಳಿದರು: ನಾವು ಬೆಳೆದ ಕಬ್ಬಿನ ಸಿಪ್ಪೆ ಕಸವಲ್ಲ, ಅದರಲ್ಲೂ ನಮಗೆ ಪಾಲು ಬೇಕು. ನ್ಯಾಯವಾದ ಮಾತು. 2012ರಲ್ಲಿ ರಂಗರಾಜನ್ ಸಮಿತಿ ಒಪ್ಪಿತು: ಸಕ್ಕರೆ, ಸಿಪ್ಪೆ, ಕಾಕಂಬಿ, ಮಡ್ಡಿ ಎಲ್ಲ ಸೇರಿದ ಆದಾಯದಲ್ಲಿ ನೂರಕ್ಕೆ 70 ರೈತನಿಗೆ, 30 ಕಾರ್ಖಾನೆಗೆ. ಎಪ್ಪತ್ತು, ಮೂವತ್ತು, ಅಲ್ಲಿಗೆ ನೂರು ಮುಗಿಯಿತು. ಎತ್ತಿನ ಗಾಡಿಯಲ್ಲಿ ಸಂಸಾರ ಹೇರಿಕೊಂಡು ಬಂದು, ಹೊಲದಲ್ಲೇ ಗುಡಿಸಲು ಹಾಕಿ, ಬೆಳಗಿನ ಜಾವಕ್ಕೆ ಎದ್ದು ಆ ಕಬ್ಬು ಕಡಿದವರಿಗೆ ಯಾವ ಕಾಲಮ್ಮೂ ಇಲ್ಲ. ಅವರಿಗೆ ಸಿಕ್ಕಿದ್ದು ಸೋಗೆ, ಅದೂ ಎತ್ತಿನ ಮೇವಿಗೆ. ಸೋಗೆಗೂ ನಾಳೆ ಒಬ್ಬ ಗಿರಾಕಿ ಬರುತ್ತಾನೆ.

ಎಲ್ಲರೂ ಹೀಗೇ ಅಂತ ಹೇಳಿದರೆ ಸುಳ್ಳಾಗುತ್ತದೆ. ನಮ್ಮ ತುಮಕೂರು ಜಿಲ್ಲೆಯಲ್ಲೇ ಒಂದು ಒಳ್ಳೆಯ ಪ್ರಯತ್ನ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರೂ ಅವರ ಗೆಳೆಯರೂ 1974ರಲ್ಲಿ 'ಅಸ್ತ್ರ' ಅನ್ನುವ ಕೇಂದ್ರ ಶುರುಮಾಡಿದರು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಊರಿಗೆಲ್ಲ ಸೇರಿ ಒಂದು ಸಗಣಿ ಅನಿಲದ ಸ್ಥಾವರ ಕಟ್ಟಿದರು. ಮನೆಮನೆಗೂ ಅಡುಗೆ ಅನಿಲ ಕೊಡುವುದು ಮೊದಲ ಆಸೆ. ಅದು ಬಿತ್ತು, ಸಗಣಿ ಸಾಲಲಿಲ್ಲ. ಲೆಕ್ಕ ಸರಳ. ಒಂದು ಘನ ಮೀಟರ್ ಅನಿಲಕ್ಕೆ ಸುಮಾರು 25 ಕೆ.ಜಿ. ಸಗಣಿ ಬೇಕು, ನಮ್ಮ ಬಡಕಲು ದನ ದಿನಕ್ಕೆ ಕೊಡುವುದು ಹತ್ತು ಕೆ.ಜಿ. ಒಂದು ಮನೆಗೆ ಎರಡು ಘನ ಮೀಟರ್ ಬೇಕೆಂದರೆ ಕೊಟ್ಟಿಗೆಯಲ್ಲಿ ಐದು ದನ ಇರಬೇಕು. ನಮ್ಮ ಕೇರಿಗಳಲ್ಲಿ ಎಷ್ಟು ಮನೆಗೆ ಕೊಟ್ಟಿಗೆ ಇದೆ? ಸರ್ಕಾರ ಸಬ್ಸಿಡಿ ಕೊಟ್ಟು ಕಟ್ಟಿಸಿದ ಮನೆಗೊಂದು ಗುಂಡಿಗಳೆಲ್ಲ ದನ ಇದ್ದವರ ಮನೆಗೇ ಹೋದವು. ದಾರಿಯ ಸಗಣಿ ಆಯ್ದು ಬೆರಣಿ ತಟ್ಟುವವಳಿಗೆ ಆ ಸಗಣಿಯೂ ತಪ್ಪಿತು.

ಪುರದವರು ಸೋತ ಮೇಲೆ ದಾರಿ ಬದಲಿಸಿದರು. 1987ರಿಂದ ಆ ಅನಿಲದಲ್ಲಿ ಇಂಜಿನ್ ಓಡಿಸಿ, ಕರೆಂಟು ಮಾಡಿ, ಕೊಳವೆ ಬಾವಿಯಿಂದ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗೆ ದೀಪ ಕೊಟ್ಟರು. ಸಗಣಿ ತಂದು ತೂಗಿಸಿದವರಿಗೆ ಸಣ್ಣ ಕೂಲಿ, ಅನಿಲ ತೆಗೆದ ಮೇಲಿನ ಬಗ್ಗಡ ಮತ್ತೆ ಅವರ ಹೊಲಕ್ಕೇ. ನಮಗೆ ಮುಖ್ಯವಾಗಿ ಕಂಡದ್ದು ಒಂದು ವಿಷಯ. ಅಡುಗೆ ಅನಿಲ ಆಗಿದ್ದರೆ ದನ ಇಲ್ಲದವನು ಬೇಡುವವನಾಗುತ್ತಿದ್ದ. ನಲ್ಲಿಗೆ ಬಂದ ನೀರು ಸಗಣಿ ಕೊಟ್ಟವರಿಗೂ ಒಂದೇ, ಕೊಡದವರಿಗೂ ಒಂದೇ. ಅದೇನು ದೊಡ್ಡ ಕ್ರಾಂತಿಯಲ್ಲ. ಊರಿನ ಜಾತಿ ಅದರಿಂದ ಕರಗಲೂ ಇಲ್ಲ. ಆದರೂ 'ಈ ಕಸದ ರಸ ಯಾರಿಗೆ' ಅಂತ ಕೇಳಿ ಆಮೇಲೆ ಯಂತ್ರ ಕೂರಿಸಿದ ವಿಜ್ಞಾನಿಗಳೂ ಇದ್ದರು ಅನ್ನುವುದನ್ನು ನಾವು ಮರೆಯಬಾರದು.

ಈಗ ಕಾರ್ಖಾನೆಯ ಕಸದ ಕಡೆ ನೋಡಿ. ಹಳೇ ಟಯರನ್ನೂ ಇದೇ ರೀತಿ ಗಾಳಿಯಿಲ್ಲದೆ ಕಾಯಿಸಿದರೆ ಎಣ್ಣೆ, ಕಪ್ಪು ಇಂಗಾಲದ ಪುಡಿ, ಕಬ್ಬಿಣದ ತಂತಿ ಸಿಗುತ್ತದೆ. ಯುರೋಪಿನ ದೇಶಗಳು ತಮ್ಮ ನೆಲದಲ್ಲಿ ಇಟ್ಟುಕೊಳ್ಳಲಾರದ ಟಯರು ಹಡಗು ಹತ್ತಿ ಇಲ್ಲಿಗೆ ಬರುತ್ತದೆ. ಕಾಗದದ ಮೇಲೆ ಇದೂ ಕಸದಿಂದ ರಸವೇ. 2025ರ ಜನವರಿಯಲ್ಲಿ ಮಹಾರಾಷ್ಟ್ರದ ವಾಡಾದಲ್ಲಿ ಇಂಥ ಒಂದು ಕಾರ್ಖಾನೆ ಸಿಡಿಯಿತು. ಯುರೋಪಿನಿಂದ ಬಂದ ಟಯರುಗಳನ್ನೂ ಅಲ್ಲಿ ಕಾಯಿಸುತ್ತಿದ್ದರು. ಇಬ್ಬರು ಹೆಂಗಸರು, ಇಬ್ಬರು ಮಕ್ಕಳು ಸತ್ತರು. ಮಕ್ಕಳು! ಟಯರು ಕಾಯಿಸುವ ಕೊಪ್ಪರಿಗೆಯ ಹತ್ತಿರ ಮಕ್ಕಳು ಯಾಕೆ ಇದ್ದರು ಅಂತ ಪೇಟೆಯ ಓದುಗ ಕೇಳಬಹುದು. ಕೆಲಸದ ಜಾಗವೇ ಮನೆಯಾಗಿರುವವರ ಬದುಕು ಕಂಡ ನಮ್ಮ ಓದುಗರು ಕೇಳುವುದಿಲ್ಲ.

ಹಾಗಾದರೆ ಶಿಬಿರದ ಜಗಳಕ್ಕೆ ನಮ್ಮ ಮಾತೇನು? ಹಳೆಯ ಗೆಳೆಯ ಹೇಳಿದ್ದರಲ್ಲಿ ಒಂದು ಸತ್ಯ ಇದೆ, ಅದನ್ನು ಬಿಟ್ಟುಕೊಡಲಾಗುವುದಿಲ್ಲ. ಹುಟ್ಟಿನ ಕಾರಣಕ್ಕೆ ಒಬ್ಬನ ಕೈಗೆ ಹೊಲಸು ಕೊಟ್ಟರೆ ಆ ಹೊಲಸಿಗೆ ಚಿನ್ನದ ಬೆಲೆ ಬಂದರೂ ಅದು ಜೀತವೇ. ಸಂಬಳ ಜಾಸ್ತಿ ಮಾಡಿ, ಕೈಗೆ ರಬ್ಬರ್ ಗವಸು ಕೊಟ್ಟು, 'ಹಸಿರು ಕಾರ್ಮಿಕ' ಅಂತ ಹೆಸರಿಟ್ಟರೂ, ಆ ಕೆಲಸಕ್ಕೆ ಬರುವವರೆಲ್ಲ ಒಂದೇ ಕೇರಿಯವರಾಗಿದ್ದರೆ ಏನೂ ಬದಲಾಗಿಲ್ಲ. ತಲೆ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲೇ ನಿಲ್ಲಿಸಲು ಹೊರಟವರು ಅದೇ ಬಸವಲಿಂಗಪ್ಪನವರು. ಆಮೇಲೆ 1993ರಲ್ಲಿ, ಮತ್ತೆ 2013ರಲ್ಲಿ ದೇಶಕ್ಕೇ ಕಾನೂನು ಬಂತು. ಗುಂಡಿಗೆ ಇಳಿದು ಸಾಯುವವರ ಜಾತಿ ಮಾತ್ರ ಬದಲಾಗಲಿಲ್ಲ.

ಅಜ್ಜಿ ಹೇಳಿದ್ದರಲ್ಲೂ ಒಂದು ಸತ್ಯ ಇದೆ, ಅದನ್ನು ನಾವು ಓದಿದವರು ಬೇಗ ಮರೆಯುತ್ತೇವೆ. ಅವಳು ಹೊಗೆಯನ್ನು ಹೊಗಳಲಿಲ್ಲ. ಜಾಲಿ ಯಾರದು ಅಂತ ಕೇಳಿದಳು. 1870ರ ದಶಕದಲ್ಲಿ ಹೊರದೇಶದಿಂದ ತಂದು ಬಿತ್ತಿದ ಗಿಡ ಅದು. ಗುಜರಾತಿನವರು ಅದನ್ನು 'ಗಾಂಡೋ ಬಾವಳ್' ಅನ್ನುತ್ತಾರೆ, ಹುಚ್ಚು ಜಾಲಿ ಅಂತ ಅರ್ಥ. ಹುಲ್ಲುಗಾವಲು ನುಂಗಿತು, ಕೆರೆ ನುಂಗಿತು ಅಂತ ಎಲ್ಲರೂ ಬೈಯುತ್ತಾರೆ, ಅದೂ ನಿಜ. ಆದರೆ ಒಳ್ಳೆಯ ಮರ ಇದ್ದ ಕಡೆ ಯಾವತ್ತೂ ಬೇಲಿ ಇತ್ತು, ಗಾರ್ಡು ಇದ್ದ. ಯಾರಿಗೂ ಬೇಡದ ಈ ಮುಳ್ಳಿನ ಹತ್ತಿರ ಮಾತ್ರ ನಮ್ಮ ಹೆಂಗಸರಿಗೆ ಕೊಡಲಿ ಹಿಡಿದು ಹೋಗಲಿಕ್ಕಾಯಿತು. ಅಂಗೈ ತುಂಬ ಮುಳ್ಳಿನ ಕಲೆ ಇರುವವರನ್ನು ಕೇಳದೆ ಅದನ್ನು ಕಸದ ಪಟ್ಟಿಗೆ ಸೇರಿಸಿ, ಆ ಪಟ್ಟಿಯನ್ನು ಮಾರಿದರೆ, ಕಾನೂನಿನಲ್ಲಿ ಅದಕ್ಕೆ ಹೆಸರಿಲ್ಲದೇ ಇರಬಹುದು. ನಮ್ಮ ಭಾಷೆಯಲ್ಲಿ ಕಳ್ಳತನ ಅನ್ನುತ್ತಾರೆ.

ಕೆಲಸವನ್ನು ಬಿಡುವ ಹಕ್ಕು, ವಸ್ತುವನ್ನು ನಮ್ಮದು ಅನ್ನುವ ಹಕ್ಕು, ಇವೆರಡು ಒಂದಕ್ಕೊಂದು ವಿರೋಧ ಅಂತ ನಾವು ಇಷ್ಟು ದಿನ ತಿಳಿದುಕೊಂಡಿದ್ದೆವು. ನೆಲದ ವಿಷಯದಲ್ಲಿ ಹಾಗೆ ಯಾವತ್ತೂ ಅಂದುಕೊಳ್ಳಲಿಲ್ಲವಲ್ಲ! ಜೀತ ಬಿಡುತ್ತೇವೆ, ನೆಲ ಕೊಡಿ ಅಂತಲೇ ಕೇಳಿದೆವು. ಇದ್ದಿಲಿಗೆ ಬಂದಾಗ ಮಾತ್ರ ಯಾಕೆ ಗಲಿಬಿಲಿ? ಬಹುಶಃ ಮಸಿ ಅಂದರೆ ನಮಗೇ ನಾಚಿಕೆ ಇರಬೇಕು. ಆ ನಾಚಿಕೆ ನಮ್ಮೊಳಗೆ ಕೂರಿಸಿದ್ದು ಯಾರು ಅಂತ ಶಿಬಿರದ ಹುಡುಗರು ಯೋಚನೆ ಮಾಡಲಿ.

ಎರಡನೇ ದಿನ ಸಂಜೆ ಗ್ರಾಮಸಭೆಗೆ ಕೊಡಲು ಒಂದು ಅರ್ಜಿ ಬರೆದೆವು. ಕೆರೆಯಂಗಳದ ಜಾಲಿಯನ್ನು ಹರಾಜು ಹಾಕುವ ಮುಂಚೆ ಅದರಿಂದ ಒಲೆ ಉರಿಸುವ ಮನೆಗಳ ಪಟ್ಟಿ ಮಾಡಬೇಕು. ಇದ್ದಿಲಿನ ಯಂತ್ರ ಬರುವುದಾದರೆ ಹೆಂಗಸರ ಸಂಘದ ಹೆಸರಿಗೇ ಬರಬೇಕು, ಹೊಗೆ ಹಿಡಿಯುವಂಥದ್ದೇ ಬರಬೇಕು. ಇಂಗಾಲದ ಲೆಕ್ಕದ ದುಡ್ಡು ಯಾರ ಖಾತೆಗೆ ಎಷ್ಟು ಹೋಯಿತು ಅಂತ ವರ್ಷಕ್ಕೊಮ್ಮೆ ಚಾವಡಿಯಲ್ಲಿ ಓದಬೇಕು. ಇಷ್ಟಕ್ಕೆ ಎಲ್ಲರೂ ಒಪ್ಪಿದರು. ಯಂತ್ರದ ಹತ್ತಿರ ಕೆಲಸಕ್ಕೆ ಯಾರು ಹೋಗಬೇಕು ಅನ್ನುವ ಸಾಲಿಗೆ ಬಂದಾಗ ಮತ್ತೆ ಜಗಳ. ಎಲ್ಲ ಜಾತಿಯಿಂದಲೂ ಸರದಿ ಪ್ರಕಾರ ಬರಬೇಕು ಅಂತ ಹಳೆಯ ಗೆಳೆಯ. "ಸರದಿ ಅಂತ ಬರೆದ್ರೆ ಆ ಕಡೆ ಬೀದಿಯೋರು ಬರ್ತಾರೇನಪ್ಪಾ, ಯಂತ್ರಾನೇ ಬರಲ್ಲ ಅಷ್ಟೆ" ಅಂತ ಅಜ್ಜಿ. ಆ ಸಾಲನ್ನು ಖಾಲಿ ಬಿಟ್ಟೆವು.

ಹುಡುಗ ಅರ್ಜಿಯನ್ನು ಒಂದು ಸಲ ಜೋರಾಗಿ ಓದಿದ. 'ಜಾಲಿ ತ್ಯಾಜ್ಯ' ಅಂತ ಬರೆದಿದ್ದ. ತ್ಯಾಜ್ಯ ಅಂದರೇನು ಅಂತ ಅಜ್ಜಿ ಕೇಳಿದಳು. ಹೇಳಿದ ಮೇಲೆ ಅದನ್ನು ಹೊಡೆದು ಹಾಕಿಸಿ 'ಜಾಲಿ ಕಟ್ಟಿಗೆ' ಅಂತ ಬರೆಸಿದಳು, ಆಮೇಲೇ ಹೆಬ್ಬೆಟ್ಟು ಒತ್ತಿದ್ದು.